ಗೀಸರಿನ ತಿರುಪು

ದರ್ಬೆ ಪೇಟೆಯ ಆ ಓಣಿಗೆ ಮೊದಲ ಗೀಸರ್ ತಂದವನು ಉದಯಶಂಕರ ರೈ. ತಂದವನೇ ಬಚ್ಚಲಲ್ಲಿದ್ದ ಹಂಡೆಯ ಒಲೆ ಒಡೆಸಿ ಬಿಳಿ ಟೈಲ್ಸ್ ಹಾಕಿಸಿದ. ಗೀಸರಿನ ಅಡಿಯ ಮುಚ್ಚಳ ಬಿಚ್ಚಿದರೆ ಒಳಗೊಂದು ಸಣ್ಣ ತಿರುಪು. ನೀರು ಎಷ್ಟು ಬಿಸಿಯಾಗಬೇಕೆಂಬುದು ಅದರ ಕೈಯಲ್ಲಿ, ತಿರುಪು ಉದಯಶಂಕರನ ಕೈಯಲ್ಲಿ. ಸ್ಕ್ರೂಡ್ರೈವರ್ ಅವನ ಕಪಾಟು ಬಿಟ್ಟು ಬೇರೆಲ್ಲೂ ಇರುತ್ತಿರಲಿಲ್ಲ.

"ಚಳಿಗೆ ಒಂದು ಹದ, ಮಳೆಗೆ ಒಂದು ಹದ, ಬೇಸಗೆಗೆ ಎಲ್ಲಕ್ಕಿಂತ ಕಡಿಮೆ. ಮೈಗೂ ಸುಖ, ಕರೆಂಟೂ ಉಳೀತದೆ" ಎಂದು ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಕುಡಿದ ಕಾಫಿಯ ದಾಕ್ಷಿಣ್ಯಕ್ಕೆ ಅವರೂ ತಲೆಯಾಡಿಸುತ್ತಿದ್ದರು.

ಅವನ ಹೆಂಡತಿ ದಮಯಂತಿ ಎರಡನೆಯ ಹೆಣ್ಣು ಹೆತ್ತದ್ದು ಎಂಬತ್ತಮೂರರ ಆಟಿ ತಿಂಗಳ ಜಡಿಮಳೆಯಲ್ಲಿ. ಮೊದಲನೆಯದಕ್ಕೆ ಕೆದಂಬಾಡಿಯ ತವರಿನಲ್ಲಿ ಅಮ್ಮ ಹಂಡೆಗಟ್ಟಲೆ ನೀರು ಹೊಯ್ದಿದ್ದಳು. ಈಗ ಅಮ್ಮನೇ ಇರಲಿಲ್ಲ. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮೀಯಿಸಲು ಬಂದ ಸುಂದರಿ ಬಕೆಟಿಗೆ ಮೈನೋವಿನ ಮದ್ದಾದ ನೆಕ್ಕಿ ಸೊಪ್ಪು ಹಾಕಿ, ಕೈ ಅದ್ದಿ, ಮುಖ ಸಿಂಡರಿಸಿದಳು.

"ಇದೆಂತ ನೀರು ಅಕ್ಕ? ಸೊಪ್ಪಿನ ಪರಿಮಳವೇ ಬಿಡುದಿಲ್ಲ. ಇದರಲ್ಲಿ ಬಾಣಂತಿಯನ್ನು ಮೀಯಿಸುದು ಹೇಗೆ?"

ದಮಯಂತಿ ಗಂಡನಿಗೆ ಹೇಳಿದಳು. ಅವನು ಬೇಸಗೆಯ ಹದವನ್ನು ಇನ್ನೂ ಬದಲಿಸಿರಲಿಲ್ಲ.

"ಈ ಸಲ ಮಳೆಗೆ ಅಷ್ಟು ಥಂಡಿ ಎಲ್ಲಿ ಉಂಟು? ಸಾಕು."

"ಹಾಗಾದ್ರೆ ಗ್ಯಾಸಿನಲ್ಲಿ ಒಂದು ಪಾತ್ರೆ ಕಾಯಿಸಿಕೊಳ್ತೇನೆ."

"ಗ್ಯಾಸಿನಲ್ಲಿ ನೀರು ಕಾಯಿಸುದಾದ್ರೆ ಮತ್ತೆ ಗೀಸರ್ ಎಂತಕ್ಕೆ ಮಾರಾಯ್ತಿ?"

ಹೊರಗೆ ಆಕಾಶವೇ ಹರಿದುಬಿದ್ದಂತೆ ಮಳೆ. ದಮಯಂತಿ ಆ ಉಗುರುಬೆಚ್ಚಗಿನ ನೀರಿನಲ್ಲೇ ಹಲ್ಲು ಕಚ್ಚಿಕೊಂಡು ಮಿಂದಳು. ಯಂತ್ರದ ನಿಯಮ ಎಲ್ಲರಿಗೂ ಒಂದೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಂದರಿ ಗೊಣಗಿದರೆ, "ಬಿಸಿ ಉಂಟು, ಹೊಯ್ಯಿ" ಎನ್ನುತ್ತಿದ್ದಳು. ಗಂಡನ ಮರ್ಯಾದೆ ಕಾಯುವ ಹುಚ್ಚು ನೋಡಿ! ಬಾಣಂತನ ಮುಗಿದರೂ ಸೊಂಟದ ನೋವು ಬಿಡಲಿಲ್ಲ.

ಮರುವರ್ಷ ಉದಯಶಂಕರನ ತಂಗಿ ವಾಸಂತಿ ಹೆರಿಗೆಗೆ ಅಣ್ಣನ ಮನೆಗೆ ಬಂದಳು. ಏಪ್ರಿಲ್ ತಿಂಗಳು, ಗೋಡೆಗಳೇ ಬೆವರುವ ಸೆಕೆ. ಗಂಡು ಮಗು ಹುಟ್ಟಿತು. ಅಳಿಯ ಹುಟ್ಟಿದನೆಂದು ಉದಯಶಂಕರ ನೆಲದ ಮೇಲೆ ನಿಲ್ಲಲಿಲ್ಲ. ಅಳಿಯಕಟ್ಟಿನ ಮನೆತನದಲ್ಲಿ ಕುಟುಂಬ ಮುಂದುವರಿಸುವುದು ತಂಗಿಯ ಮಕ್ಕಳು, ತನ್ನ ಮಕ್ಕಳಲ್ಲ. ಬಾಣಂತಿಯನ್ನು ಮೀಯಿಸಲು ಸುಂದರಿಯೇ ಬಂದಳು.

ಮೊದಲ ದಿನ ದಮಯಂತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಮನೆಯೆಲ್ಲ ನೆಕ್ಕಿ ಸೊಪ್ಪಿನ ಪರಿಮಳ. ಅಮ್ಮನ ಬಚ್ಚಲಿನ ಪರಿಮಳ. ತುರಿಮಣೆ ಬಿಟ್ಟು ಎದ್ದು ಹೋಗಿ ನೋಡಿದರೆ, ಬಕೆಟಿನಿಂದ ಹಬೆ ಏಳುತ್ತಿತ್ತು. ಕೈಯಿಟ್ಟಳು. ಸುಟ್ಟಿತು. ಸುಂದರಿ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದಳು.

ಉದಯಶಂಕರ ಜಗಲಿಯಲ್ಲಿ ಪೇಪರ್ ಓದುತ್ತಿದ್ದ.

"ಈಗ ಬೇಸಗೆ ಅಲ್ವಾ?" ಎಂದಳು ದಮಯಂತಿ.

"ಹೌದು. ಎಂತಕ್ಕೆ?"

"ತಿರುಪು ಪೂರ್ತಿ ತಿರುಗಿಸಿದ ಹಾಗೆ ಉಂಟು."

"ಬಾಣಂತಿಗೆ ಬಿಸಿ ನೀರು ಬೇಡ್ವಾ ಮಾರಾಯ್ತಿ? ಅಷ್ಟೂ ಗೊತ್ತಾಗುದಿಲ್ವಾ ನಿಂಗೆ?"

"ಹೋದ ಆಟಿಯಲ್ಲಿ ನಾನು ಎಂತ ಆಗಿದ್ದೆ?"

ಅವನು ಪೇಪರಿನ ಪುಟ ಮಗುಚಿದ. ದಮಯಂತಿಗೆ ಅಳು ಬರಲಿಲ್ಲ, ತುರಿಮಣೆಗೆ ಮರಳಿ ಚಿಪ್ಪು ಕಾಣುವ ತನಕ ಕಾಯಿ ತುರಿದಳು. ಬಾಣಂತಿಯ ಮೇಲೆ ಮಾತ್ರ ಅವಳಿಗೆ ಸಿಟ್ಟಿರಲಿಲ್ಲ. ವಾಸಂತಿ ಇದ್ದಷ್ಟು ದಿನವೂ ಬಕೆಟ್ ತುಂಬಿಸಿಟ್ಟವಳು ದಮಯಂತಿಯೇ.

ವಾಸಂತಿ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟ ಸಂಜೆ ಉದಯಶಂಕರ ಸ್ಕ್ರೂಡ್ರೈವರ್ ಹಿಡಿದು ಸ್ಟೂಲ್ ಹತ್ತಿದ. ದಮಯಂತಿ ಕೆಳಗೆ ಟಾರ್ಚ್ ಹಿಡಿದು ನಿಂತಳು.

"ಕಡಿಮೆ ಮಾಡ್ತೇನೆ. ಸೆಕೆ ಅಲ್ವಾ."

"ನನಗೆ ಬೇಕೆಂದು ಇಡುದು ಬೇಡ. ನನಗೆ ಬಾವಿ ನೀರು ಸಾಕು."

ಅವನು ತಮಾಷೆ ಎಂದುಕೊಂಡ. ಆ ಮಳೆಗಾಲ ಬಂತು, ಚಳಿ ಬಂತು. ಅವಳು ಬಾವಿಯಿಂದ ಸೇದಿದ ನೀರನ್ನೇ ತಲೆಗೆ ಹೊಯ್ದುಕೊಂಡಳು. ಸೊಂಟ ಹಿಡಿದುಕೊಂಡರೂ ಗೀಸರಿನ ನಲ್ಲಿ ಮುಟ್ಟಲಿಲ್ಲ.

ಒಂದು ಭಾನುವಾರ ಉದಯಶಂಕರನ ಗೆಳೆಯ ಸಂಕಪ್ಪ ಬಂದಿದ್ದ. ಅವನಿಗೂ ಗೀಸರ್ ಕೊಳ್ಳುವ ಮನಸ್ಸು.

"ಕರೆಂಟ್ ತುಂಬ ತಿನ್ನುದಿಲ್ವಾ?" ಎಂದು ಕೇಳಿದ.

"ಹದ ಗೊತ್ತಿರಬೇಕು ಅಷ್ಟೆ" ಎಂದ ಉದಯಶಂಕರ, ಗೋಡೆಗೆ ಒರಗಿಕೊಂಡು. "ಮತ್ತೆ ನಮ್ಮ ಮನೆಯಲ್ಲಿ ಖರ್ಚೇ ಕಡಿಮೆ. ಇವಳಿಗೆ ಬಿಸಿ ನೀರು ಹಿಡಿಸುದೇ ಇಲ್ಲ."

ದಮಯಂತಿ ಕಾಫಿ ಲೋಟ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ನೆಟ್ಟಗಾದಳು.

"ಹೌದು ಸಂಕಪ್ಪಣ್ಣ" ಎಂದಳು. "ಅಭ್ಯಾಸ ಮಾಡಿಸಿದ್ದಾರೆ."