ಗೇಣುದ್ದದ ಕುದುರೆಗೆ ಲಗಾಮು

ಚನ್ನಪಟ್ಟಣದ ಫಿರೋಜಾ ಇಪ್ಪತ್ತೆರಡು ವರ್ಷಗಳಿಂದ ಮರದ ಕುದುರೆ ಮಾಡುತ್ತಿದ್ದಾಳೆ. ಕೆಂಪು, ಹಳದಿ, ಹಸಿರು, ಒಮ್ಮೆ ಯಾರೋ ಹಟ ಹಿಡಿದು ಕೇಳಿದರೆಂದು ನೇರಳೆ ಬಣ್ಣದ್ದೂ ಮಾಡಿದ್ದಳು. ಇಷ್ಟು ವರ್ಷಗಳಲ್ಲಿ ಅವಳ ಅಪ್ಪ ಫಕ್ರುದ್ದೀನ್ ಅವುಗಳಲ್ಲಿ ಒಂದನ್ನಾದರೂ ಕುದುರೆ ಎಂದು ಕರೆದವರಲ್ಲ. ಅವರ ಪಾಲಿಗೆ ಎಲ್ಲವೂ ಬೊಂಬೆ. “ಆ ಬೊಂಬೆ ಒಸಿ ಅತ್ಲಾಗೆ ಇಡು, ಕೂತ್ಕಬೇಕು” ಎನ್ನುತ್ತಿದ್ದರು, ಅಷ್ಟೆ.

ಹಾಗೆ ಅನ್ನುವ ಹಕ್ಕು ಅವರಿಗೆ ಇತ್ತು ಅನ್ನಿ. ರೈಲ್ವೆ ಸ್ಟೇಷನ್ ಮುಂದೆ ಮೂವತ್ತು ವರ್ಷ ಜಟಕಾ ಓಡಿಸಿದವರು ಅವರು. ಕೊನೆಯ ಕುದುರೆ ಮಲ್ಲಿ. ಮಾಗಡಿ ಕಡೆಯ ಗುಡೇಮಾರನಹಳ್ಳಿಯ ರೈತರೊಬ್ಬರಿಂದ ಕೊಂಡು ತಂದದ್ದು. ಮನೆಯ ಮಾತು ಉರ್ದುವಾದರೂ ಮಲ್ಲಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆ ಅಭ್ಯಾಸ ಹಾಗೇ ಉಳಿದು, ಇವತ್ತಿಗೂ ಕುದುರೆಯ ವಿಷಯ ಎತ್ತಿದರೆ ಅಪ್ಪ ಮಗಳಿಬ್ಬರೂ ತಮಗೇ ತಿಳಿಯದಂತೆ ಕನ್ನಡಕ್ಕೆ ತಿರುಗಿಬಿಡುತ್ತಾರೆ. ಜಟಕಾ ಓಡಿಸುವ ಕಾಲದಲ್ಲಿ ಬೆಳಗ್ಗೆ ಗಾಡಿ ಕಟ್ಟಿದ ಮೇಲೆ ಫಕ್ರುದ್ದೀನ್ ಮಲ್ಲಿಯ ಹೊಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡುವರು. ಬೆರಳು ಸಲೀಸಾಗಿ ಹೋದರೆ ಕುತ್ತಿಗೆ ತಟ್ಟಿ “ಹೂಂ, ನಡಿಯವ್ವ” ಎನ್ನುವರು. ಆಮೇಲೆಯೇ ಗಾಡಿ ಹೊರಡುವುದು. ಮಲ್ಲಿ ವಯಸ್ಸಾಗಿ ಸತ್ತು ಹದಿನಾಲ್ಕು ವರ್ಷವಾಯಿತು. ಆ ಮಾತು ಮನೆಯಲ್ಲಿ ಮತ್ತೆ ಕೇಳಿಸಿರಲಿಲ್ಲ.

ಹೀಗಿರುವಾಗ ಬೆಂಗಳೂರಿನಿಂದ ಒಂದು ವಿಚಿತ್ರ ಆರ್ಡರು ಬಂತು. ಸಿರಿ ಎಂಬ ಹುಡುಗಿ, ಪುಟ್ಟ ಪುಟ್ಟ ಮಾದರಿ ಕುದುರೆಗಳನ್ನು ಕೂಡಿಡುವ ಹುಚ್ಚಿನವಳು. “ಆಂಟಿ, ನನಗೊಂದು ಜಟಕಾ ಕುದುರೆ ಬೇಕು. ಗೇಣುದ್ದ ಇರಲಿ, ಸಾಕು. ಆದರೆ ಲಗಾಮು, ಪಟ್ಟಿ, ಬಕಲ್ ಎಲ್ಲಾ ನಿಜವಾದ್ದರ ಥರಾನೇ ಇರಬೇಕು. ಬಿಚ್ಚಿ ಹಾಕೋಕೆ ಬರಬೇಕು” ಎಂದು ಫೋನಿನಲ್ಲಿ ಹೇಳಿದಳು. ಮೂರು ವಾರ ಬಿಟ್ಟು ಭಾನುವಾರ ತಾನೇ ಬಂದು ಒಯ್ಯುತ್ತೇನೆ ಎಂದಳು.

ಫೋನ್ ಇಡುವಷ್ಟರಲ್ಲಿ ಫಿರೋಜಾ ನಿರ್ಧರಿಸಿ ಆಗಿತ್ತು: ಮಾಡಿದರೆ ಮಲ್ಲಿಯನ್ನೇ ಮಾಡಬೇಕು. ಸಿರಿ ಮೆಚ್ಚಿದರೆ ಸಂತೋಷವೇ. ಆದರೆ ಫಿರೋಜಾಗೆ ಬೇಕಾಗಿದ್ದದ್ದು ಬೇರೆ. ಅಪ್ಪನ ಬಾಯಿಂದ ಒಂದೇ ಒಂದು ಸಲ ‘ಕುದುರೆ’ ಅನ್ನಿಸಬೇಕು. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಆಸೆ ಎಂದು ಅವಳಿಗೇ ನಗು ಬಂತು. ಆದರೂ ಆಸೆ ಆಸೆಯೇ.

ಕುದುರೆಯದ್ದೇನೂ ಕಷ್ಟವಾಗಲಿಲ್ಲ. ಮರ ಕೈಗೆ ಪಳಗಿದ್ದು, ಮಲ್ಲಿಯ ಮೈ ಕಣ್ಣಿಗೆ ಕಟ್ಟಿದಂತಿತ್ತು. ಕಂದು ಅರಗು ಹಚ್ಚಿ, ಹಣೆಗೆ ಬಿಳಿ ಬೊಟ್ಟು ಇಟ್ಟಾಯಿತು. ಪೇಚಾಟ ಶುರುವಾದದ್ದು ಅದಕ್ಕೆ ಬಟ್ಟೆಬರೆ ಹೊಂದಿಸುವಾಗ. ಚಪ್ಪಲಿ ಹೊಲಿಯುವವರ ಹತ್ತಿರ ಸಿಕ್ಕ ಚರ್ಮ ಎಷ್ಟು ದಪ್ಪವಿತ್ತೆಂದರೆ, ಅದನ್ನು ಸುತ್ತಿದ ಮೇಲೆ ಮಲ್ಲಿ ಜ್ವರ ಬಂದು ಕಂಬಳಿ ಹೊದ್ದಂತೆ ಕಂಡಿತು. ಬಿಡದಿಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿಗೆ ಹೋಗಿ ಒಂದು ಚೀಲ ತುಂಡುಗಳನ್ನು ತಂದಳು. ತೆಳ್ಳಗಿತ್ತು, ನುಣ್ಣಗಿತ್ತು, ಹೊಳೆಯುತ್ತಿತ್ತು. ಪಟ್ಟಿ ಕತ್ತರಿಸಿ ಅಪ್ಪನ ಮುಂದೆ ಹಿಡಿದಳು. ಅವರು ಮೂಸಿ ನೋಡಿ ವಾಪಸ್ ಕೊಟ್ಟರು.

“ರೆಕ್ಸಿನ್ ಕಣಮ್ಮ ಇದು. ಬೆವರು ಕುಡಿಯಾಕಿಲ್ಲ. ಮೈಯೆಲ್ಲ ಸುಲಿದೋಯ್ತದೆ.”

“ಮರದ ಮೈ ಅಬ್ಬಾಜಾನ್! ಮರ ಎಲ್ಲಾದ್ರೂ ಬೆವರ್ತದಾ?”

“ಹಂಗಾದ್ರೆ ಸರಿ ಬುಡು. ಬೊಂಬೆಗೆ ಸಾಕು.”

ಫಿರೋಜಾಗೆ ಮೈಯೆಲ್ಲ ಉರಿದುಹೋಯಿತು. ಚೀಲವನ್ನು ಎತ್ತಿ ಮೂಲೆಗೆ ಎಸೆದಳು. ಮರುದಿನ ಬೆಳಗ್ಗೆಯೇ ರಾಮನಗರದ ಬಸ್ಸು ಹತ್ತಿದಳು.

ಅಲ್ಲಿ ಮನೋಹರ್ ಅವರದ್ದು ಹಳೇ ವಾಚ್ ರಿಪೇರಿ ಅಂಗಡಿ. ಹೆಂಗಸರ ವಾಚಿನ ಹಳೇ ಚರ್ಮದ ಪಟ್ಟಿ ಇವೆಯಾ ಎಂದು ಕೇಳಿದ್ದಕ್ಕೆ ಅವರು ಬಿಸ್ಕತ್ತಿನ ಡಬ್ಬಿಯೊಂದನ್ನು ಸುರಿದೇಬಿಟ್ಟರು. ಯಾರ್ಯಾರದೋ ಕೈಯಲ್ಲಿ ವರ್ಷಗಟ್ಟಲೆ ಇದ್ದು ಮೆತ್ತಗಾದ, ಕಪ್ಪಿಟ್ಟ ಪಟ್ಟಿಗಳು. ಒಂದೊಂದಕ್ಕೂ ತೊಗರಿಬೇಳೆಗಿಂತ ಒಂದಿಷ್ಟು ದೊಡ್ಡ ಬಕಲ್.

“ಈಗ್ಯಾರು ಕಟ್ತಾರಮ್ಮ ಇವನ್ನ, ಎಲ್ಲಾ ತಗಂಡೋಗಿ. ಅಂದಂಗೆ ಯಾರಿಗೆ ಇವು?”

“ಕುದುರೆಗೆ ಅಣ್ಣ.”

ಮನೋಹರ್ ಕನ್ನಡಕ ತೆಗೆದು ನೋಡಿದರು. “ಏನಮ್ಮಾ, ಕುದುರೆನೂ ಟೈಮ್ ನೋಡ್ತದಾ?”

ಆ ಪಟ್ಟಿಗಳನ್ನು ಸೀಳಿ, ಒಳಗಿನ ಪದರ ಮಾತ್ರ ಉಳಿಯುವಂತೆ ಹೆರೆದು ಮತ್ತೆ ಅಪ್ಪನ ಮುಂದೆ ಇಟ್ಟಳು. ಈ ಸಲ ಅವರು ಮೂಸಿದ ಮೇಲೂ ಕೆಳಗಿಡಲಿಲ್ಲ. ಹೆಬ್ಬೆರಳಿನಿಂದ ತಿಕ್ಕುತ್ತ ಕೂತರು. “ಬೆವರು ಕಂಡಿರೋ ಚರ್ಮ ಕಣಮ್ಮ ಇದು” ಎಂದರು.

ಲಗಾಮಿನ ಹಗ್ಗಕ್ಕೆ ಹತ್ತಿ ದಾರ ಹಾಕಿದರೆ ನೆಟ್ಟಗೆ ಕಡ್ಡಿಯ ಹಾಗೆ ನಿಲ್ಲುತ್ತಿತ್ತು, ನೈಲಾನು ಹಾಕಿದರೆ ಸ್ಪ್ರಿಂಗಿನಂತೆ ಎಗರುತ್ತಿತ್ತು. ಅದಕ್ಕೆ ದಾರಿ ತೋರಿಸಿದವಳು ರೇಷ್ಮೆ ನೂಲು ಬಿಚ್ಚುವ ಗೆಳತಿ ಮಿಸ್ಬಾ. “ಕಚ್ಚಾ ರೇಷ್ಮೆ ಕೊಡ್ತೀನಿ, ಕುದಿಸ್ಬೇಡ ಕಣೆ. ಕುದಿಸಿದ್ರೆ ಅಂಟು ಹೋಗಿ ಕೂದಲಿನ ಹಂಗಾಗ್ತದೆ. ಜಡೆ ಹೆಣೆದು, ಒದ್ದೆ ಮಾಡಿ, ಬೇಕಾದಂಗೆ ಬಾಗ್ಸಿ ಒಣಗ್ಸು. ಹಂಗೇ ನಿಂತ್ಕತದೆ.” ಹೇಳಿದಂತೆಯೇ ಆಯಿತು. ಲಗಾಮು ಮಲ್ಲಿಯ ಬಾಯಿಂದ ಬೆನ್ನಿನವರೆಗೆ ಹದವಾಗಿ ಇಳಿಬಿದ್ದು ನಿಂತಿತು. ಬಾಯಿಗೆ ಹಾಕುವ ಕಡಿವಾಣವನ್ನು ಹಿತ್ತಾಳೆ ತಂತಿಯಿಂದ ಅವಳೇ ಬಗ್ಗಿಸಿದಳು.

ಇನ್ನು ಕೊರಳ ಗೆಜ್ಜೆ, ಮಲ್ಲಿಗೆ ಇದ್ದಂತೆ ಐದು. ಅದಕ್ಕೆ ಕನಕಪುರದವರೆಗೆ ಹೋಗಬೇಕಾಯಿತು. ಬಳೆ ಅಂಗಡಿಯ ಸಿದ್ದಮ್ಮ ಹಸುಗೂಸಿನ ಕಾಲ್ಗೆಜ್ಜೆ ಬಿಚ್ಚಿ ಐದು ಗೆಜ್ಜೆ ಎಣಿಸಿಕೊಟ್ಟರು. ಮನೆಗೆ ಬಂದು ಪೋಣಿಸುತ್ತಿರುವಾಗ ಅಪ್ಪ ಎತ್ತಲೋ ನೋಡುತ್ತ, “ನಡುವಿಂದು ಸದ್ದು ಮಾಡ್ತಿರಲಿಲ್ಲ. ಒಳಗಿನ ಕಾಳು ಬಿದ್ದೋಗಿತ್ತು” ಎಂದರು. ಫಿರೋಜಾ ನಡುವಿನ ಗೆಜ್ಜೆಯ ಕಾಳು ಕಿತ್ತಳು.

ಭಾನುವಾರ ಬಂತು. ಫಿರೋಜಾ ಒಂದೊಂದೇ ಪಟ್ಟಿ ತೊಡಿಸಿ, ಬಕಲ್‌ಗಳನ್ನು ಕೊನೆಯ ತೂತಿನವರೆಗೆ ಎಳೆದು ಬಿಗಿದಳು. ಬೊಂಬೆ ಮಾಡುವವರ ಕಸುಬೇ ಅಂಥದ್ದು. ಯಾವ ಭಾಗವೂ ಅಲ್ಲಾಡಬಾರದು, ಅಲ್ಲಾಡಿದ್ದನ್ನು ಮಕ್ಕಳು ಕಿತ್ತು ನುಂಗುತ್ತವೆ. ಇಪ್ಪತ್ತೆರಡು ವರ್ಷ ಅವಳ ಕೈ ಕಲಿತದ್ದು ಅದನ್ನೇ.

ಹನ್ನೊಂದಕ್ಕೆ ಸಿರಿ ಬಂದಳು. ಕುದುರೆ ಕಂಡು ಕುಣಿದಾಡಿದಳು. ಆ ಕಡೆಯಿಂದ ಒಂದು ಫೋಟೊ, ಈ ಕಡೆಯಿಂದ ಒಂದು ಫೋಟೊ. “ಆಂಟಿ, ಸಕತ್ತಾಗಿದೆ! ಒಂದು ತಪ್ಪು ಹುಡುಕೋಕೆ ಆಗಲ್ಲ” ಎಂದಳು. ಫಿರೋಜಾ ನಕ್ಕಳು. ಕಣ್ಣು ಮಾತ್ರ ಜಗಲಿಯ ಮೇಲಿದ್ದ ಅಪ್ಪನ ಕಡೆಗೇ ಇತ್ತು.

ಫಕ್ರುದ್ದೀನ್ ನಿಧಾನವಾಗಿ ಎದ್ದು ಬಂದರು. ಕುದುರೆಯ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು, ಹೊಟ್ಟೆಪಟ್ಟಿಯ ಕೆಳಗೆ ತೂರಿಸಲು ನೋಡಿದರು. ಕಡ್ಡಿ ಹೋಗಲಿಲ್ಲ.

“ಏನಮ್ಮಾ ಇದು?” ಅವರ ದನಿ ಏರಿತು. “ಹಿಂಗೆ ಬಿಗಿದ್ಬುಟ್ರೆ ಉಸ್ರು ಎಲ್ಲಿಂದ ತಗಂಡಾಳು ಅವ್ಳು?”

ಸಿರಿ ಫೋನು ಕೆಳಗಿಳಿಸಿದಳು. ಫಿರೋಜಾ ಕೈ ಮುಂದೆ ಮಾಡಿದರೂ ಅವರು ಬಿಡಲಿಲ್ಲ. ತಾವೇ ಬಕಲ್ ಬಿಚ್ಚಿ, ಒಂದು ತೂತು ಸಡಿಲ ಬಿಟ್ಟು, ಮತ್ತೆ ಹಾಕಿದರು. ಅದಕ್ಕೆ ಐದು ನಿಮಿಷವಾದರೂ ಹಿಡಿದಿರಬೇಕು. ಈಗ ಎರಡು ಕಡ್ಡಿಗಳೂ ಸಲೀಸಾಗಿ ಒಳಗೆ ಹೋಗಿ ಬಂದವು. ಅವರು ಒಂದೇ ಬೆರಳಿನಿಂದ ಆ ಪುಟ್ಟ ಕುತ್ತಿಗೆಯನ್ನು ತಟ್ಟಿದರು.

“ಹೂಂ, ನಡಿಯವ್ವ” ಎಂದರು.

ಕುದುರೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸಿರಿ ಹೊರಟಳು. ಅವಳ ಕಾರು ರಸ್ತೆಯ ತಿರುವು ದಾಟಿದ ಮೇಲೆ ಫಿರೋಜಾಗೆ ಹೊಳೆಯಿತು: ಅಪ್ಪ ಕೊನೆಗೂ ‘ಕುದುರೆ’ ಎನ್ನಲೇ ಇಲ್ಲ. ಅವಳು ನಗುತ್ತಲೇ ಕಣ್ಣೊರೆಸಿಕೊಂಡು ಒಳಗೆ ತಿರುಗಿದಳು. ಫಕ್ರುದ್ದೀನ್ ಇನ್ನೂ ಬಾಗಿಲಲ್ಲೇ ನಿಂತು ಕಾರು ಹೋದ ದಾರಿಯನ್ನು ನೋಡುತ್ತಿದ್ದರು.