ಕೈಯಲ್ಲಿ ಹಿಡಿದ ಚಪ್ಪಲಿ

ಬೇವೂರಿನ ಅಮಸಿದ್ದಪ್ಪನವರ ಮನೆಯಲ್ಲಿ ಬೆಳಗಾಗುತ್ತಿದ್ದುದೇ ರೊಟ್ಟಿ ಬಡಿಯುವ ಸದ್ದಿನಿಂದ. ಎಂಬತ್ತೆರಡನೆಯ ಇಸವಿಯ ಒಂದು ಮುಂಜಾನೆ ಆ ಸದ್ದಿನ ನಡುವೆ ಅತ್ತೆ ಮಾಯವ್ವ ಕೂಗಿದಳು:

"ರಂಗವ್ವಾ, ಪಡಸಾಲಿ ತುಂಬ ಕುಂಕುಮ ಯಾರ ಚೆಲ್ಲೀರಿ?"

ಕುಂಕುಮವಲ್ಲ, ರಕ್ತ. ಸೊಸೆ ರಂಗವ್ವ ಓಡಾಡಿದಲ್ಲೆಲ್ಲ ಹೆಜ್ಜೆ ಮೂಡಿತ್ತು. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತಿದ್ದರೂ ಅವಳಿಗೆ ಗೊತ್ತೇ ಆಗಿರಲಿಲ್ಲ. ಮಾಯವ್ವ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕಿತ್ತಳು.

"ನೋಯ್ತೈತೇನ ತಂಗಿ?"

"ಇಲ್ರಿ ಅತ್ತಿ. ಅದಽ ನನಗ ಅಂಜಿಕಿ."

ಸಕ್ಕರೆ ಕಾಯಿಲೆ ಅವಳ ಕಾಲುಗಳಿಗೆ ಜೋಮು ಹಿಡಿಸಿತ್ತು. "ಗಾಯ ಕೊಳೀತಂದ್ರ ಕಾಲು ತೆಗೀಬೇಕಾಗ್ತೈತಿ. ಬರಿಗಾಲಲೆ ಒಂದ ಹೆಜ್ಜಿನೂ ಇಡಬ್ಯಾಡ" ಎಂದು ಬಾಗಲಕೋಟೆಯ ಡಾಕ್ಟರಮ್ಮ ಹೇಳಿದ್ದರು. ರಂಗವ್ವ ಚಪ್ಪಲಿ ಕೊಂಡಿದ್ದಳು. ಪಕ್ಕದ ಮನೆಯ ಕಾಸಿಂಬಿ, ಕೇಳದಿದ್ದರೂ, ಅದರ ಪಟ್ಟಿಗೆ ಮೆತ್ತನೆಯ ಅರಿವೆ ಹೊಲಿದುಕೊಟ್ಟಿದ್ದಳು. ಆದರೇನು? ಊರ ಹಿರಿಯರು ಕೂರುವ ಕಟ್ಟೆಯ ಮುಂದೆ ಹೆಂಗಸರು ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ನಡೆಯಬೇಕಿತ್ತು. ಮುಳ್ಳುಬೇಲಿ ಇದ್ದದ್ದೂ ಅಲ್ಲೇ.

ಇನ್ನು ಕಟ್ಟೆಯ ಮುಂದೆಯೂ ಚಪ್ಪಲಿ ಮೆಟ್ಟಿಯೇ ನಡೆಯಬೇಕೆಂದು ಅತ್ತೆ ಸೊಸೆ ಆಡಿಕೊಂಡ ಮಾತು ಮಾವ ಅಮಸಿದ್ದಪ್ಪನವರ ಕಿವಿಗೆ ಬಿತ್ತು. "ಸೊಸಿ ನನ್ನ ಮುಂದ ಟಪಟಪ ಅನಿಸ್ಕೋತ ನಡದ್ರ ನಾ ಕಟ್ಟಿ ಮ್ಯಾಲೆ ಹೆಂಗ ಕುಂದರ್ಲಿ? ನಮ್ಮವ್ವ ಹಾಕಿದ್ಲೇನು?"

"ಮಾವಾರ, ಎತ್ತಿನ ಕಾಲಿಗೆ ಲಾಳ ಹೊಡಸ್ತೀರಿ. ಅದಕ್ಕ ನಿಮ್ಮ ಮರ್ಯಾದಿ ಕಡಿಮಿ ಆಗೇತೇನ್ರಿ?"

"ಎತ್ತು ದುಡೀತೈತಿ!"

"ನಾವೇನು ಕುಂತ ಉಣ್ತೇವಿ?" ಮಾಯವ್ವ ಒಲೆಯ ಮುಂದಿನಿಂದಲೇ ಕೇಳಿದಳು. ಅಮಸಿದ್ದಪ್ಪನವರು ಕೋಲು ಹಿಡಿದು ಕಟ್ಟೆಗೆ ಹೊರಟುಬಿಟ್ಟರು.

ಅತ್ತೆ ಸೊಸೆಯ ಗಾಯ ತೊಳೆದು ಅರಿವೆ ಕಟ್ಟಿದಳು. ರಂಗವ್ವ ಚಪ್ಪಲಿ ಮೆಟ್ಟಿದಳು; ದವಾಖಾನೆಗೆ ಹೋಗಲು ಇಬ್ಬರೂ ಬಸ್ಸಿಗೆ ಹೊರಟರು. ಹಿಟ್ಟು ಬೀಸಿಸಲು ಹೊರಟ ಕಾಸಿಂಬಿಯೂ ಹಿಂದೆಯೇ ಬಂದಳು. ಕಟ್ಟೆ ಹತ್ತಿರವಾದಂತೆ ರಂಗವ್ವನ ಬೆನ್ನು ರೂಢಿಯಿಂದ ಬಾಗಿತು, ಕೈ ಚಪ್ಪಲಿಯ ಪಟ್ಟಿಯ ಕಡೆಗೆ ಹೋಯಿತು. ಅವಳು ಕೈ ಹಿಂದೆಳೆದುಕೊಂಡು ನೆಟ್ಟಗೆ ನಿಂತಳು, ಹಾಗೆಯೇ ನಡೆದಳು.

"ಏನ ಗೌಡಶಾನಿ ಸವಾರಿ!" ಯಾರೋ ನಕ್ಕರು.

"ಚಪ್ಪಲಿ ಕಳೀ!" ಅಮಸಿದ್ದಪ್ಪನವರು ಗುಡುಗಿದರು.

ರಂಗವ್ವ ತಿರುಗಿದಳು. ಕಾಲಿಗೆ ಕಟ್ಟಿದ ಅರಿವೆಯಲ್ಲಿ ಕೆಂಪು ಒಸರುತ್ತಿತ್ತು.

"ಮಾವಾರ, ಕಾಲು ಹೋದ ದಿನ ಚಪ್ಪಲಿ ತಾನಽ ಹೋಗ್ತೈತ್ರಿ. ಅಲ್ಲೀತನಕ ಕಳಿಯೂದಿಲ್ಲ."

ಅಷ್ಟರಲ್ಲಿ ಹಿಂದಿನಿಂದ 'ಟಪ್' ಎಂಬ ಸದ್ದು. ಕಾಸಿಂಬಿ ಕೈಯಲ್ಲಿದ್ದ ತನ್ನ ಚಪ್ಪಲಿಗಳನ್ನು ನೆಲಕ್ಕೆ ಹಾಕಿ ಮೆಟ್ಟಿದ್ದಳು.

ಹುಟ್ಟಿದಂದಿನಿಂದ ಬರಿಗಾಲಲ್ಲೇ ನಡೆದ ಮಾಯವ್ವ ಸೊಸೆಯ ರಟ್ಟೆ ಹಿಡಿದು, ಗಂಡನ ಕಡೆ ನೋಡಿ ನಕ್ಕಳು:

"ಕೇಳ್ರಿ ಇಲ್ಲೆ. ಬರೂವಾಗ ನನಗೂ ಒಂದು ಜೋಡಿ ತರ್ತೇನಿ!"