ಆರನೇ ಫಾರಂ

ನಮ್ಮ ಬೈಂಡಿಂಗ್ ಶೆಡ್ಡಿನಲ್ಲಿ ಇಡೀ ಪುಸ್ತಕ ಯಾರ ಕೈಗೂ ಸಿಗುವುದಿಲ್ಲ. ಹದಿನಾರು ಪುಟಕ್ಕೊಂದು ಫಾರಂ, ಒಬ್ಬೊಬ್ಬರಿಗೆ ಒಂದೊಂದು. ಮಡಿಸು, ಉಜ್ಜು, ಪೇರಿಸು. ಇಪ್ಪತ್ತೆರಡು ವರ್ಷಗಳಿಂದ ನಾನು ನಡುಭಾಗಗಳನ್ನಷ್ಟೇ ಓದಿಕೊಂಡು ಬಂದವಳು. ಕೊಂದವರು ಯಾರೆಂದು ಗೊತ್ತಾದರೆ ಸತ್ತವರು ಯಾರೆಂದು ಗೊತ್ತಾಗುವುದಿಲ್ಲ.

ಆ ಸೋಮವಾರ ಮೇಸ್ತ್ರಿ ಬಂದು, ಶೆಡ್ಡು ಬೇರೆ ಊರಿಗೆ ಹೋಗುತ್ತದೆ, ಬರುವವರಿಗೆ ಕೆಲಸವೂ ಇರಲು ಒಂದು ಕೋಣೆಯೂ ಉಂಟು, ಶನಿವಾರದೊಳಗೆ ಹೇಳಿ ಎಂದ.

ನನಗೊಂದು ಕೋಣೆ! ಅಣ್ಣನ ಮನೆಯ ಹಜಾರದಲ್ಲಿ, ಹಾಸಿಗೆ ಹಿಡಿದ ಅಮ್ಮನ ಮಂಚದ ಪಕ್ಕ ಚಾಪೆ ಹಾಸಿಕೊಳ್ಳುವ ನನಗೆ! ಹೋಗಲು ಜೀವ ತುಡಿಯಿತು. ಆದರೆ ಅಮ್ಮನನ್ನು ಮಗ್ಗುಲು ಹೊರಳಿಸುವವರು ಯಾರು? ಅತ್ತ ದರಿ, ಇತ್ತ ಪುಲಿ. ಸಂಜೆ ಅಡುಗೆಮನೆಯಲ್ಲಿ ವಿಷಯ ತೆಗೆದಾಗ ಅಣ್ಣ "ನೋಡೋಣ" ಎಂದ. ಅತ್ತಿಗೆ ಪಾತ್ರೆ ಕುಕ್ಕಿದಳು.

ಮರುದಿನ ನನ್ನ ಮೇಜಿಗೆ ಬಂದದ್ದು ಕ್ವಾಂಟಂ ವಿಜ್ಞಾನದ ಪುಸ್ತಕವೊಂದರ ಆರನೇ ಫಾರಂ. ಕಣವೊಂದು ಇಲ್ಲಿದೆಯೋ ಅಲ್ಲಿದೆಯೋ ಎಂಬುದು ನೋಡುವ ತನಕ ತೀರ್ಮಾನವಾಗಿರುವುದಿಲ್ಲವಂತೆ. ನಮಗೆ ಗೊತ್ತಿಲ್ಲ ಎಂದಲ್ಲ, ತೀರ್ಮಾನವೇ ಆಗಿರುವುದಿಲ್ಲ! ನಾನು ಏಳನೇ ತರಗತಿ ಓದಿದವಳು. ಮೂರು ಸಲ ಓದಿ, ಪಕ್ಕದ ಮೇಜಿನವಳಿಗೂ ಓದಿ ಹೇಳಿ, ಮಡಿಸುವುದನ್ನು ಮರೆತು ಕೂತೆ. ಹಾಗಾದರೆ ನಾನು ಬಾಯಿ ಬಿಡದಿದ್ದರೆ ಹೋಗುವುದೂ ಉಳಿಯುತ್ತದೆ, ಇರುವುದೂ ಉಳಿಯುತ್ತದೆ. ನನ್ನ ಬದುಕಿನಲ್ಲಿ ಎರಡು ದಾರಿ ಒಟ್ಟಿಗೆ ತೆರೆದಿದ್ದದ್ದು ಅದೇ ಮೊದಲು. ಬಾಯಿಗೆ ಬೀಗ ಹಾಕಿಕೊಂಡೆ. ಮೇಸ್ತ್ರಿ ಎದುರಾದರೆ ಗೋಂದಿನ ಡಬ್ಬಿ ಹುಡುಕುವವಳಂತೆ ಬಗ್ಗುತ್ತಿದ್ದೆ. ಅಮ್ಮನ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ.

ಶುಕ್ರವಾರ, ಏಳನೇ ಫಾರಂ ಮಡಿಸುತ್ತಿದ್ದ ಪಕ್ಕದ ಮೇಜಿನ ಬಾಯಿಬಡಕಿ ಕೂಗಿದಳು. "ಲೇ, ನಿನ್ನ ಕಣದ ಕತೆ ಇಲ್ಲಿ ಮುಂದುವರಿದಿದೆ ಕಣೆ! ನೋಡೋಕೆ ಕಣ್ಣೇ ಬೇಕಿಲ್ವಂತೆ. ಸುತ್ತಲಿನ ಗಾಳಿ ತಾಗಿದ್ರೂ ಸಾಕಂತೆ, ತೀರ್ಮಾನ ಆಗೋಗುತ್ತಂತೆ. ಅದಕ್ಕೇ ನಮ್ಮಂಥ ದಪ್ಪ ಗಾತ್ರದವರಿಗೆ ಈ ಆಟ ನಡೆಯಲ್ವಂತೆ!" ಎಂದು ಸೊಂಟ ತಟ್ಟಿಕೊಂಡು ನಕ್ಕಳು.

ಹಾಗಾದರೆ ನಾನು ಬಾಯಿ ಮುಚ್ಚಿಕೊಂಡಿದ್ದರೂ ತೀರ್ಮಾನ ತಾನಾಗಿ ಆಗಿಬಿಡಬಹುದು! ಎದ್ದು ಸೀದಾ ಮೇಸ್ತ್ರಿಯ ಬಳಿ ಹೋದೆ.

"ನಾನು ಬರ್ತೀನಿ."

ಅವನು ಕನ್ನಡಕ ತೆಗೆದ. "ನೀವು ಬರಲ್ಲ ಅಂತ ನಿಮ್ಮಣ್ಣ ಮಂಗಳವಾರವೇ ಫೋನ್ ಮಾಡಿದ್ರಲ್ಲಾ! ಕೋಣೆ ಬೇರೆಯವರಿಗೆ ಕೊಟ್ಟಾಯ್ತು."

ಮೂರು ದಿನ ನಾನು ಜೋಪಾನ ಮಾಡಿದ್ದು ಏನನ್ನು?

"ಇಲ್ಲ ಅನ್ನೋಕೆ ನಿನಗೆ ಸಂಕೋಚ ಅಂತ ನಾನೇ ಹೇಳ್ದೆ," ಎಂದ ಅಣ್ಣ, ಟೀವಿಯಿಂದ ಕಣ್ಣು ತೆಗೆಯದೆ. "ಅಮ್ಮನ್ನ ಬಿಟ್ಟು ಎಲ್ಲಿ ಹೋಗ್ತೀಯ ನೀನು?"

ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನದೇ ಹೆಚ್ಚು. ಅಮ್ಮನನ್ನು ಹೊರಳಿಸುತ್ತಾ, ಬೆನ್ನಿಗೆ ಪುಡಿ ಹಚ್ಚುತ್ತಾ, ಮೊದಲ ಸಲ ಎಲ್ಲವನ್ನೂ ಹೇಳಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕೇಳಿಸಿಕೊಂಡಳು.

"ನಾನೇ ಹೋಗು ಅಂತಿದ್ನಲ್ಲೇ," ಎಂದಳು. "ನನ್ನನ್ನ ಒಂದು ಮಾತು ಕೇಳಿದ್ದಿದ್ರೆ."